ಡೊಂಬಿವಲಿಯ ಧ್ವನಿ ಅಂಧೇರಿಯಲ್ಲಿ ಕೇಳಿಸದಿದ್ದಾಗ

"ಫೈಲ್ ಬಂದಿದೆ ಸರ್, ಓಪನ್ ಕೂಡ ಆಯಿತು. ಆದರೆ ಏನೂ ಕೇಳಿಸುತ್ತಿಲ್ಲ."

ಸಂಘದ ಬೆಳ್ಳಿಹಬ್ಬಕ್ಕೆ ಸಾಕ್ಷ್ಯಚಿತ್ರ ಮಾಡಲು ಹೊರಟವರು, ತಾಳಮದ್ದಳೆಯ ಧ್ವನಿಮುದ್ರಣ ಹೊರತರುವವರು, ಮನೆಯಲ್ಲೇ ಕಥೆ ಓದಿ ಪಾಡ್‌ಕಾಸ್ಟ್ ಮಾಡುವವರು, ಡಬ್ಬಿಂಗ್‌ಗೆ ಕಂಠದಾನ ಮಾಡುವವರು ಈ ಮಾತನ್ನು ಫೋನಿನಲ್ಲಿ ಒಮ್ಮೆಯಾದರೂ ಕೇಳಿರುತ್ತಾರೆ. ಅತ್ತ ಸ್ಟುಡಿಯೋದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿರುತ್ತದೆ. ಇತ್ತ ಫೈಲ್ ಕಳಿಸಿದವರು "ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ" ಎನ್ನುತ್ತಿರುತ್ತಾರೆ. ಇಬ್ಬರು ಹೇಳುವುದೂ ನಿಜ. ತೊಂದರೆ ಇರುವುದು ಇಬ್ಬರ ನಡುವಿನ ದಾರಿಯಲ್ಲಿ.

ಹಿಂದೆ ಧ್ವನಿಯ ಕೆಲಸವೆಲ್ಲ ಒಂದೇ ಸೂರಿನಡಿ ಮುಗಿಯುತ್ತಿತ್ತು. ಈಗ ಹಾಗಿಲ್ಲ. ನಿರೂಪಣೆ ಡೊಂಬಿವಲಿಯ ಮನೆಯಲ್ಲಿ ಆಡಾಸಿಟಿಯಲ್ಲಿ ಮುದ್ರಣವಾಗುತ್ತದೆ. ಚಿತ್ರದ ಸಂಕಲನ ಮೀರಾ ರೋಡಿನ ಹುಡುಗನೊಬ್ಬನ ಲ್ಯಾಪ್‌ಟಾಪಿನಲ್ಲಿ, ಪ್ರೀಮಿಯರ್‌ನಲ್ಲಿ. ಹಿರಿಯರ ಸಂದರ್ಶನ ಮುಲುಂಡಿನಲ್ಲಿ ಮೊಬೈಲಿನಲ್ಲಿ. ಕೊನೆಯ ಮಿಕ್ಸಿಂಗ್ ಅಂಧೇರಿಯ ಸ್ಟುಡಿಯೋದಲ್ಲಿ, ಪ್ರೋ ಟೂಲ್ಸ್‌ನಲ್ಲಿ. ನಾಲ್ಕು ಮನೆ, ನಾಲ್ಕು ಪ್ರೋಗ್ರಾಂ, ನಾಲ್ಕು ಅಭ್ಯಾಸ. ಇವು ಒಂದಕ್ಕೊಂದು ಹೊಂದದಿದ್ದರೆ ನಷ್ಟವಾಗುವುದು ಹಣ ಮತ್ತು ಸಮಯ ಮಾತ್ರವಲ್ಲ. ಎಂಬತ್ತೈದರ ಹಿರಿಯರೊಬ್ಬರು ಒಮ್ಮೆ ಕುಳಿತು ಹೇಳಿದ ನೆನಪುಗಳನ್ನು ಎರಡನೆಯ ಸಲ ಹೇಳಿಸಲು ಕಾಲ ಅವಕಾಶ ಕೊಡದೇ ಹೋಗಬಹುದು.

ಕಂಠದಾನ ಮಾಡುವವರಿಗೆ ಇದು ಅನ್ನದ ಪ್ರಶ್ನೆಯೂ ಹೌದು. ಕನ್ನಡದಲ್ಲಿ ಡಬ್ಬಿಂಗ್‌ಗೆ ಇದ್ದ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. 2019ರಲ್ಲಿ ‘ದಬಂಗ್ 3’ ಕನ್ನಡದಲ್ಲೂ ಬಂತು. 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದ ಟಿವಿಯಲ್ಲಿ ಮನೆಮಾತಾಯಿತು. ಮನೆಯಲ್ಲೇ ಮೈಕ್ ಇಟ್ಟುಕೊಂಡು ಧ್ವನಿ ಕಳಿಸುವ ಪದ್ಧತಿಯೂ ಅದೇ ಸಮಯದಲ್ಲಿ ಬೆಳೆಯಿತು. ಕಂಠ ಎಷ್ಟೇ ಚೆನ್ನಾಗಿರಲಿ, ಕಳಿಸಿದ ಫೈಲ್ ಅತ್ತ ತೆರೆಯದಿದ್ದರೆ ಮುಂದಿನ ಸಲ ಕರೆ ಇನ್ನೊಬ್ಬರಿಗೆ ಹೋಗುತ್ತದೆ.

ಹಾಗಾದರೆ ಫೈಲ್ ದಾರಿಯಲ್ಲಿ ಕೆಡುವುದು ಎಲ್ಲಿ? ಗುರುತಿಸುವುದು ಹೇಗೆ? ಒಂದೊಂದಾಗಿ ನೋಡೋಣ.

ಮಿರಜ್‌ನಲ್ಲಿ ಇಳಿದು ಹತ್ತಿದಂತೆ

ಹಳಬರಿಗೆ ನೆನಪಿರಬಹುದು. 1990ರ ದಶಕದಲ್ಲಿ ಹಳಿ ಬದಲಾಗುವವರೆಗೆ ಮುಂಬಯಿಯಿಂದ ಹುಬ್ಬಳ್ಳಿ, ಬೆಂಗಳೂರು ಕಡೆಗೆ ಹೊರಟವರು ಮಿರಜ್‌ನಲ್ಲಿ ಇಳಿಯಬೇಕಿತ್ತು. ಇತ್ತಣ ಹಳಿ 1,676 ಮಿಲಿಮೀಟರಿನ ಬ್ರಾಡ್‌ಗೇಜ್, ಅತ್ತಣದು 1,000 ಮಿಲಿಮೀಟರಿನ ಮೀಟರ್‌ಗೇಜ್. ಮುಂಬಯಿಯ ಬೋಗಿ ಮುಂದಕ್ಕೆ ಹೋಗುತ್ತಿರಲಿಲ್ಲ. ಜನ ಮತ್ತು ಸಾಮಾನು ಮಾತ್ರ ಇಳಿದು ಇನ್ನೊಂದು ರೈಲು ಹತ್ತುತ್ತಿದ್ದರು.

ಎಡಿಟಿಂಗ್ ಪ್ರೋಗ್ರಾಂಗಳ ನಡುವಿನ ವ್ಯವಹಾರವೂ ಹೀಗೆಯೇ. ನೀವು ‘ಸೇವ್’ ಒತ್ತಿದಾಗ ಉಳಿಯುವುದು ಪ್ರಾಜೆಕ್ಟ್ ಫೈಲ್, ಅಂದರೆ ಬೋಗಿ. ಅದರಲ್ಲಿ ಬಹುತೇಕ ಇರುವುದು ಸೂಚನೆಗಳು: ಯಾವ ಧ್ವನಿ ಎಲ್ಲಿದೆ, ಎಲ್ಲಿ ಕತ್ತರಿಸಬೇಕು, ಎಲ್ಲಿ ತಗ್ಗಿಸಬೇಕು ಎಂಬ ಟಿಪ್ಪಣಿ. ಅದನ್ನು ಓದಬಲ್ಲದ್ದು ಆ ಪ್ರೋಗ್ರಾಂ ಮಾತ್ರ. ‘ಎಕ್ಸ್‌ಪೋರ್ಟ್’ ಒತ್ತಿದಾಗ ಸಿಗುವುದು ಧ್ವನಿ, ಅಂದರೆ ಪ್ರಯಾಣಿಕ. ಅದು ಯಾವ ರೈಲನ್ನಾದರೂ ಹತ್ತಬಲ್ಲದು. ಅರ್ಧಕ್ಕರ್ಧ ತಕರಾರುಗಳು ಪ್ರಯಾಣಿಕನನ್ನು ಬಿಟ್ಟು ಬೋಗಿಯನ್ನು ಕಳಿಸಿದ್ದರಿಂದ ಹುಟ್ಟುತ್ತವೆ.

ಆಡಾಸಿಟಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಉಚಿತವಾದ್ದರಿಂದ ನಮ್ಮಲ್ಲಿ ಹೆಚ್ಚಿನವರು ಬಳಸುವುದು ಇದನ್ನೇ. 2021ರಲ್ಲಿ ಬಂದ ಮೂರನೆಯ ಆವೃತ್ತಿಗೆ ಮುಂಚೆ ಇದರ ಪ್ರಾಜೆಕ್ಟ್ ಎರಡು ಭಾಗವಾಗಿ ಉಳಿಯುತ್ತಿತ್ತು: ‘ಎಯುಪಿ’ ಎಂಬ ಪುಟ್ಟ ಫೈಲ್ ಒಂದು, ಅದರ ಪಕ್ಕದಲ್ಲಿ ‘ಡೇಟಾ’ ಎಂದು ಕೊನೆಗೊಳ್ಳುವ ಫೋಲ್ಡರ್ ಒಂದು. ಧ್ವನಿಯೆಲ್ಲ ಆ ಫೋಲ್ಡರಿನಲ್ಲಿ, ಸಾವಿರಾರು ಸಣ್ಣ ತುಣುಕುಗಳಾಗಿ. ಪುಟ್ಟ ಫೈಲನ್ನು ಮಾತ್ರ ಈಮೇಲ್ ಮಾಡಿದರೆ ಅತ್ತ ತೆರೆಯುವುದು ಮೌನ. ಹೊಸ ಆವೃತ್ತಿಯ ‘ಎಯುಪಿ3’ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತದೆ, ಆದರೆ ಅದನ್ನೂ ಪ್ರೋ ಟೂಲ್ಸ್ ಆಗಲಿ ಪ್ರೀಮಿಯರ್ ಆಗಲಿ ತೆರೆಯಲಾರದು. ಹಳೆಯ ಕಂಪ್ಯೂಟರಿನಲ್ಲಿ ಇಂಥ ಎರಡು ಭಾಗದ ಪ್ರಾಜೆಕ್ಟ್ ಇದ್ದರೆ ಜಾಗ ಉಳಿಸಲೆಂದು ಆ ಫೋಲ್ಡರನ್ನು ಅಳಿಸಬೇಡಿ. ಅಳಿಸಿದರೆ ಧ್ವನಿಯೇ ಹೋದಂತೆ.

ಶ್ರುತಿ ಇಳಿದಿದೆಯೇ? ಗಡಿಯಾರ ನೋಡಿ

ಫೈಲ್ ತೆರೆಯಿತು, ಧ್ವನಿಯೂ ಬಂತು. ಆದರೆ ಭಾಗವತರ ಪದ್ಯ ಯಾಕೋ ಎಳೆದಂತೆ ಕೇಳಿಸುತ್ತಿದೆ, ಶ್ರುತಿ ಕೆಳಗಿಳಿದಿದೆ, ಅರ್ಥಧಾರಿಯ ಗಂಟಲು ಕಟ್ಟಿದ ಹಾಗಿದೆ. ಇದು ಸ್ಯಾಂಪಲ್ ರೇಟಿನ ಗಲಾಟೆ.

ಡಿಜಿಟಲ್ ಧ್ವನಿ ಎಂದರೆ ಒಂದು ಸೆಕೆಂಡಿನಲ್ಲಿ ಇಷ್ಟು ಸಲ ಎಂದು ಅಳೆದು ಬರೆದ ಅಂಕಿಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಸೆಕೆಂಡಿಗೆ 44,100 ಅಳತೆಗಳನ್ನು ಆರಿಸಿಕೊಂಡಿತು. ಆಗ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನಲ್ಲಿ ಮುದ್ರಿಸುತ್ತಿದ್ದರು. ಆ ಟೇಪಿನ ಗೆರೆಗಳ ಲೆಕ್ಕಕ್ಕೆ ಹೊಂದಿದ ಸಂಖ್ಯೆ ಅದು. ಸಿನಿಮಾ, ಟಿವಿ ಲೋಕ 48,000ಕ್ಕೆ ನಿಂತಿತು. ಹಾಗಾಗಿ ಸಂಗೀತದ ಕಡೆಯಿಂದ ಬಂದವರು ಮೊದಲನೆಯದನ್ನು, ಚಿತ್ರದ ಕಡೆಯವರು ಎರಡನೆಯದನ್ನು ಬಳಸುತ್ತಾರೆ. ಬಳಸಿದರೆ ತಪ್ಪಿಲ್ಲ. 48,000ದ ಫೈಲನ್ನು 44,100ರದ್ದೆಂದು ಭಾವಿಸಿ ಪ್ರೋಗ್ರಾಂ ನುಡಿಸಿದರೆ ಮಾತ್ರ ಕೆಡುತ್ತದೆ.

ಇದನ್ನು ಕಂಡುಹಿಡಿಯಲು ವಿಶೇಷ ಕಿವಿ ಬೇಕಿಲ್ಲ, ಗಡಿಯಾರ ಸಾಕು. ಹತ್ತು ನಿಮಿಷದ ಪದ್ಯ 10 ನಿಮಿಷ 53 ಸೆಕೆಂಡ್ ಆಗಿದ್ದರೆ 48,000ದ ಫೈಲನ್ನು 44,100ರಲ್ಲಿ ನುಡಿಸಲಾಗುತ್ತಿದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದಿರುತ್ತದೆ. ಅದೇ ಹತ್ತು ನಿಮಿಷ 9 ನಿಮಿಷ 11 ಸೆಕೆಂಡಿಗೆ ಮುಗಿದರೆ ತಪ್ಪು ಇನ್ನೊಂದು ದಿಕ್ಕಿನದು, ಶ್ರುತಿ ಅಷ್ಟೇ ಏರಿರುತ್ತದೆ.

ಪರಿಹಾರಕ್ಕೆ ಧ್ವನಿಯನ್ನು ಎಳೆಯುವ, ಕುಗ್ಗಿಸುವ ಎಫೆಕ್ಟ್‌ಗಳಿಗೆ ಕೈ ಹಾಕಬೇಡಿ. ಅವು ಧ್ವನಿಯ ಗುಣವನ್ನೇ ಕೆಡಿಸುತ್ತವೆ. ಪ್ರೋ ಟೂಲ್ಸ್‌ನಲ್ಲಿ ಫೈಲ್ ಇಂಪೋರ್ಟ್ ಮಾಡುವಾಗ ‘ಆ್ಯಡ್’ ಮತ್ತು ‘ಕನ್ವರ್ಟ್’ ಎಂಬ ಬೇರೆ ಬೇರೆ ಗುಂಡಿಗಳಿವೆ. ಸ್ಯಾಂಪಲ್ ರೇಟ್ ಬೇರೆಯಿದ್ದ ಫೈಲಿಗೆ ಎರಡನೆಯದೇ ಬೇಕು. ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನುವಿನಲ್ಲಿರುವ ‘ರೇಟ್’ ಬದಲಿಸಿದರೆ ಅದೇ ಅಂಕಿಗಳನ್ನು ಬೇರೆ ವೇಗದಲ್ಲಿ ಓದುತ್ತದೆ. ‘ರೀಸ್ಯಾಂಪಲ್’ ಮಾಡಿದರೆ ವೇಗ ಬದಲಾಗದೆ ಅಂಕಿಗಳು ಹೊಸದಾಗಿ ಲೆಕ್ಕವಾಗುತ್ತವೆ. ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ಯುದ್ಧ ಗೆದ್ದಂತೆ. ಇನ್ನೂ ಸುಲಭದ ದಾರಿಯೆಂದರೆ ಕೆಲಸ ಶುರುವಾಗುವ ಮೊದಲೇ ಎಲ್ಲರಿಗೂ ಒಂದು ಮಾತು ಹೇಳಿಬಿಡುವುದು: ಚಿತ್ರದ ಜೊತೆ ಹೋಗುವ ಧ್ವನಿಯೆಲ್ಲ 48,000.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ

ಶ್ರುತಿ ಸರಿಯಿದೆ, ಆದರೆ ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ ಎಂಬುದು ಇನ್ನೊಂದು ಬಗೆಯ ದೂರು. ಇಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಅಂತರ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಇದೆಯೇ, ಅಥವಾ ಹೋಗುತ್ತ ಹೋಗುತ್ತ ಹೆಚ್ಚುತ್ತದೆಯೇ?

ಒಂದೇ ಸಮ ಇದ್ದರೆ ಎಂಪಿ3 ಮೇಲೆ ಅನುಮಾನಪಡಿ. ಎಂಪಿ3 ಮಾಡುವಾಗ ಧ್ವನಿಯ ಮುಂದೆ ಒಂದಿಷ್ಟು ಮೌನ ತಾನಾಗಿ ಸೇರಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಹೆಚ್ಚು. ಮೊಬೈಲಿನ ಎಎಸಿ ಫೈಲುಗಳಲ್ಲೂ ಇದೇ ಗುಣವಿದೆ. ಕೇಳುವಾಗ ಗೊತ್ತಾಗದು. ಆದರೆ ಮದ್ದಳೆಯದ್ದೊಂದು ಟ್ರ್ಯಾಕ್, ಚೆಂಡೆಯದ್ದೊಂದು ಟ್ರ್ಯಾಕ್ ಎಂದು ಬೇರೆ ಬೇರೆ ಬಗೆಯ ಫೈಲುಗಳನ್ನು ಜೋಡಿಸಿದಾಗ ಪೆಟ್ಟುಗಳು ಒಂದರ ಮೇಲೊಂದು ಕೂರುವುದಿಲ್ಲ. ಎಂಪಿ3 ಕೇಳುಗರಿಗೆ ಕೊಡುವ ರೂಪ, ಕೆಲಸಗಾರರ ನಡುವೆ ಓಡಾಡಬೇಕಾದ ರೂಪವಲ್ಲ. ಪ್ರತಿ ಸಲ ಎಂಪಿ3 ಮಾಡಿದಾಗಲೂ ಧ್ವನಿಯ ಒಂದಂಶ ಮರಳಿ ಬಾರದಂತೆ ಹೋಗುತ್ತದೆ.

ಅಂತರ ಹೆಚ್ಚುತ್ತ ಹೋದರೆ ಲೆಕ್ಕ ಹಾಕಿ. ಒಂದು ಗಂಟೆಯ ಕೊನೆಗೆ ಸುಮಾರು 3.6 ಸೆಕೆಂಡ್ ವ್ಯತ್ಯಾಸ ಬಂದಿದ್ದರೆ ಒಬ್ಬರು ಸೆಕೆಂಡಿಗೆ 24 ಫ್ರೇಮ್, ಇನ್ನೊಬ್ಬರು 23.976 ಫ್ರೇಮ್ ಇಟ್ಟುಕೊಂಡಿದ್ದಾರೆ. ಒಂದು ಗಂಟೆಯ ಚಿತ್ರ 57 ನಿಮಿಷ 36 ಸೆಕೆಂಡಿಗೆ ಮುಗಿದರೆ ಸಿನಿಮಾದ 24 ಫ್ರೇಮನ್ನು ನಮ್ಮ ಟಿವಿಯ 25 ಫ್ರೇಮಿನಲ್ಲಿ ಓಡಿಸಲಾಗಿದೆ. ಇವೆರಡೂ ಅಲ್ಲದೆ ಒಮ್ಮೆ ಹಿಂದೆ ಒಮ್ಮೆ ಮುಂದೆ ಹೋಗುತ್ತಿದ್ದರೆ ಕಾರಣ ಮೊಬೈಲ್ ವಿಡಿಯೋ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಮೊಬೈಲ್ ತನ್ನ ಫ್ರೇಮ್ ವೇಗವನ್ನು ತಾನೇ ಬದಲಿಸಿಕೊಳ್ಳುತ್ತದೆ. ಅಂಥ ವಿಡಿಯೋವನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಪ್ರೋಗ್ರಾಂನಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ತಂದ ಮೇಲೆಯೇ ಸಂಕಲನಕ್ಕೆ ಕೂರುವುದು ಒಳ್ಳೆಯದು.

ಈ ಎಲ್ಲ ಗೊಂದಲಕ್ಕೂ ಹಳೆಯ ಮದ್ದು ಒಂದಿದೆ. ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ ಎರಡು ಸೆಕೆಂಡ್ ಮುಂಚೆ ಒಂದೇ ಒಂದು ಫ್ರೇಮಿನಷ್ಟು ‘ಬೀಪ್’ ಇಡುವ ಪದ್ಧತಿ ಸಿನಿಮಾ ಮಂದಿಯಲ್ಲಿದೆ. ಅದಕ್ಕೆ ಟೂ-ಪಾಪ್ ಎನ್ನುತ್ತಾರೆ. ಕೊನೆಯಲ್ಲೂ ಅಂಥದ್ದೊಂದು ಇಟ್ಟರೆ ಎರಡೂ ತುದಿ ತಾಳೆಯಾಗುತ್ತಿವೆಯೇ ಎಂಬುದು ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ. ಮನೆಯಲ್ಲಿ ಎರಡು ಫೋನು, ಒಂದು ರೆಕಾರ್ಡರ್ ಇಟ್ಟು ಮುದ್ರಿಸುವವರು ಶುರುವಿನಲ್ಲೊಮ್ಮೆ ಕೊನೆಯಲ್ಲೊಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೂ ಸಾಕು. ಯಕ್ಷಗಾನದವರಿಗೆ ಜಾಗಟೆಯ ಒಂದು ಪೆಟ್ಟು ಇದೆಯಲ್ಲ!

ಎಎಎಫ್: ಸಾಮಾನಿನ ಪಟ್ಟಿ

ಸಂಕಲನಕಾರನಿಂದ ಮಿಕ್ಸಿಂಗ್ ಸ್ಟುಡಿಯೋಗೆ ಬರೀ ಧ್ವನಿ ಹೋದರೆ ಸಾಲದು, ಕತ್ತರಿಸಿದ ಜಾಗಗಳೂ ಹೋಗಬೇಕು. ಅದಕ್ಕಾಗಿ ಇರುವುದು ಎಎಎಫ್ ಎಂಬ ವಿನಿಮಯ ರೂಪ. ಅದಕ್ಕೂ ಹಿಂದಿನದು ಒಎಂಎಫ್. ಒಎಂಎಫ್‌ಗೆ 2 ಜಿಬಿಯ ಮಿತಿ ಇರುವುದರಿಂದ ಈಗ ಅದನ್ನು ಬಳಸದಿರುವುದೇ ಲೇಸು.

ಎಎಎಫ್ ಅನ್ನು ಮನೆ ಬದಲಿಸುವಾಗ ಟೆಂಪೋದವನ ಕೈಗೆ ಕೊಡುವ ಪಟ್ಟಿ ಎಂದುಕೊಳ್ಳಿ. ಪಟ್ಟಿ ಮಾತ್ರ ಕೊಟ್ಟು ಸಾಮಾನು ಕೊಡದಿದ್ದರೆ ಅತ್ತ ಖಾಲಿ ಮನೆ. ಪ್ರೀಮಿಯರ್‌ನಲ್ಲಿ ಎಎಎಫ್ ಮಾಡುವಾಗ ಧ್ವನಿಯನ್ನು ಅದರೊಳಗೇ ಸೇರಿಸಬೇಕೇ ಅಥವಾ ಪಕ್ಕದಲ್ಲಿ ಬೇರೆ ಫೈಲುಗಳಾಗಿ ಇಡಬೇಕೇ ಎಂದು ಕೇಳುತ್ತದೆ. ಚಿಕ್ಕ ಕೆಲಸಕ್ಕೆ ಒಳಗೇ ಸೇರಿಸಿದರೆ ಅನುಕೂಲ. ದೊಡ್ಡದಾದರೆ ಬೇರೆಯಾಗಿಟ್ಟು ಇಡೀ ಫೋಲ್ಡರನ್ನೇ ಕಳಿಸಬೇಕು. ಪ್ರತಿ ತುಣುಕಿನ ಎರಡೂ ಬದಿಯಲ್ಲಿ ಒಂದೆರಡು ಸೆಕೆಂಡ್ ಹೆಚ್ಚುವರಿ ಧ್ವನಿ ಇರಲಿ. ಇದಕ್ಕೆ ‘ಹ್ಯಾಂಡಲ್’ ಎನ್ನುತ್ತಾರೆ. ಬಟ್ಟೆ ಹೊಲಿಯುವಾಗ ಅಂಚಿಗೆ ಬಿಡುವ ಬಟ್ಟೆಯಂತೆ. ಅದಿಲ್ಲದಿದ್ದರೆ ಎರಡು ಮಾತುಗಳ ನಡುವಿನ ಹೊಲಿಗೆ ಎದ್ದು ಕಾಣುತ್ತದೆ.

ಎಎಎಫ್‌ನಲ್ಲಿ ಎಲ್ಲವೂ ಹೋಗುವುದಿಲ್ಲ. ತುಣುಕುಗಳ ಜಾಗ, ಕೆಲವು ಮಟ್ಟದ ಏರಿಳಿತ ಹೋಗುತ್ತವೆ. ನೀವು ಹಾಕಿದ ಪ್ರತಿಧ್ವನಿ, ಗದ್ದಲ ತೆಗೆಯುವ ಪ್ಲಗಿನ್, ವೇಗದ ಬದಲಾವಣೆ ಅಲ್ಲೇ ಉಳಿಯುತ್ತವೆ. ಪ್ರೋ ಟೂಲ್ಸ್‌ನ ಪ್ಲಗಿನ್ ಎಎಎಕ್ಸ್ ಜಾತಿಯದು, ಆ್ಯಪಲ್‌ನದು ಎಯು, ಇನ್ನುಳಿದ ಬಹುತೇಕ ಕಡೆ ವಿಎಸ್‌ಟಿ. ಒಂದರ ಮನೆಯಲ್ಲಿ ಇನ್ನೊಂದಕ್ಕೆ ಊಟವಿಲ್ಲ. ಆದ್ದರಿಂದ ಎಫೆಕ್ಟ್ ಹಾಕಿದ ಪ್ರತಿ ಒಂದು, ಏನೂ ಹಾಕದ ಮೂಲ ಪ್ರತಿ ಒಂದು, ಎರಡನ್ನೂ ಕಳಿಸಿ. ಜೊತೆಗೆ ನಿಮ್ಮ ಸಂಕಲನ ಹೇಗೆ ಕೇಳಿಸಬೇಕೋ ಹಾಗೆ ಮಾಡಿದ ಒಂದು ವಿಡಿಯೋ ಕೂಡ ಇರಲಿ. ಸ್ಟುಡಿಯೋದವರು ಅದನ್ನು ನೋಡಿ ಹೋಲಿಸುತ್ತಾರೆ. ಏನೋ ತಪ್ಪಿದೆ ಎಂಬುದು ಮಿಕ್ಸಿಂಗ್ ಮುಗಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾದರೆ ಖರ್ಚು ಕಡಿಮೆ.

ಎಎಎಫ್ ಎಲ್ಲ ಕಡೆ ನಡೆಯುವ ನಾಣ್ಯವೂ ಅಲ್ಲ. ಆಡಾಸಿಟಿ ಅದನ್ನು ಓದುವುದಿಲ್ಲ. ಫೈನಲ್ ಕಟ್ ಪ್ರೋ ಅದನ್ನು ನೇರವಾಗಿ ಮಾಡಿಕೊಡುವುದಿಲ್ಲ, ನಡುವೆ ಬೇರೆ ಪ್ರೋಗ್ರಾಂ ಬೇಕಾಗುತ್ತದೆ. 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಸೇರಿ ‘ಡಾಪ್ರಾಜೆಕ್ಟ್’ ಎಂಬ ಮುಕ್ತ ರೂಪವೊಂದನ್ನು ತಂದವು. ಮರುವರ್ಷ ಕ್ಯೂಬೇಸ್ 14 ಅದನ್ನು ಒಪ್ಪಿಕೊಂಡಿತು. ಆದರೆ ಅದು ಎಲ್ಲರ ಮನೆಗೆ ತಲುಪಲು ಇನ್ನೂ ದಿನ ಬೇಕು. ಅಲ್ಲಿಯವರೆಗೆ ಎಂದೂ ಕೈಕೊಡದ ಉಪಾಯ ಒಂದೇ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಕೊನೆಯವರೆಗೆ, ನಡುವಿನ ಮೌನವನ್ನೂ ಸೇರಿಸಿ, ಒಂದೇ ಉದ್ದದ ವೇವ್ ಫೈಲಾಗಿ ಕಳಿಸುವುದು. ಅತ್ತ ಕುಳಿತವರು ಎಲ್ಲವನ್ನೂ ಸೊನ್ನೆಗೆ ತಂದು ಜೋಡಿಸಿದರೆ ಮುಗಿಯಿತು. ಜಾಗ ಹೆಚ್ಚು ಬೇಕು, ನಿಜ. ಆದರೆ ಇದು ತೆರೆಯದ ಪ್ರೋಗ್ರಾಂ ಇಲ್ಲವೆನ್ನಬಹುದು.

ರಾತ್ರಿಯಿಡೀ ಆಟ, 4 ಜಿಬಿಯ ಗೋಡೆ

ವೇವ್ ರೂಪವನ್ನು 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸೇರಿ ರೂಪಿಸಿದವು. ಫೈಲಿನ ಗಾತ್ರವನ್ನು ಬರೆಯಲು ಅದರಲ್ಲಿ 32 ಬಿಟ್‌ಗಳ ಜಾಗ ಮಾತ್ರ ಇದೆ. ಹಾಗಾಗಿ 4 ಜಿಬಿ ದಾಟಿದ ವೇವ್ ಫೈಲ್ ತನ್ನ ಗಾತ್ರವನ್ನು ತಾನೇ ಸರಿಯಾಗಿ ಹೇಳಲಾರದು. ಕೆಲವು ಹಳೆಯ ಪ್ರೋಗ್ರಾಂಗಳು 2 ಜಿಬಿಗೇ ಕೈಚೆಲ್ಲುತ್ತವೆ.

ಸಿನಿಮಾ ಹಾಡು ಮಾಡುವವರಿಗೆ ಈ ಗೋಡೆ ಎದುರಾಗುವುದೇ ಇಲ್ಲ, ನಮಗೆ ಎದುರಾಗುತ್ತದೆ. 48,000 ಸ್ಯಾಂಪಲ್, 24 ಬಿಟ್, ಸ್ಟೀರಿಯೋ ಲೆಕ್ಕದಲ್ಲಿ 4 ಜಿಬಿ ತುಂಬಲು ಸುಮಾರು 4 ಗಂಟೆ 8 ನಿಮಿಷ ಸಾಕು. 96,000ದಲ್ಲಿ ಅದರ ಅರ್ಧ. ಊರಿನಲ್ಲಿ ಪತ್ತನಾಜೆಯ ಬಳಿಕ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಆಡುವ ಆಟ, ತಾಳಮದ್ದಳೆಗಳನ್ನು ನಿಲ್ಲಿಸದೆ ಮುದ್ರಿಸಿಕೊಂಡರೆ ಕೆಲವೊಮ್ಮೆ ಕೊನೆಯ ಒಂದು ಗಂಟೆ ‘ಇಲ್ಲ’ವಾಗುತ್ತದೆ. ಹಾಗಾದಾಗ ಗಾಬರಿಯಾಗಿ ಅಳಿಸಬೇಡಿ. ಫೈಲಿನ ಗಾತ್ರ ದೊಡ್ಡದಿದ್ದು ಅವಧಿ ಮಾತ್ರ ಕಡಿಮೆ ತೋರಿಸುತ್ತಿದ್ದರೆ ಧ್ವನಿ ಬಹುಮಟ್ಟಿಗೆ ಒಳಗೇ ಇದೆ, ತಲೆಬರಹ ಮಾತ್ರ ತಪ್ಪಿದೆ. ಆಡಾಸಿಟಿಯ ‘ರಾ ಡೇಟಾ’ ಇಂಪೋರ್ಟ್‌ನಲ್ಲಿ ಸ್ಯಾಂಪಲ್ ರೇಟ್, ಬಿಟ್, ಚಾನೆಲ್ ಸಂಖ್ಯೆಯನ್ನು ಕೈಯಾರೆ ಹೇಳಿದರೆ ಅಂಥ ಫೈಲುಗಳನ್ನು ಓದಿಸಬಹುದು. ಮೊದಲು ಒಂದು ನಕಲು ಮಾಡಿಕೊಂಡು ಆ ನಕಲಿನ ಮೇಲೆಯೇ ಕೆಲಸ ಮಾಡಿ.

ಮುಂದಿನ ಸಲಕ್ಕೆ ಎರಡು ದಾರಿಗಳಿವೆ. ದೊಡ್ಡ ಫೈಲುಗಳಿಗೆಂದೇ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ರೂಪಿಸಿದ ಆರ್‌ಎಫ್64 ಬಳಸಬಹುದು. ಆದರೆ ತೆಗೆದುಕೊಳ್ಳುವವರ ಪ್ರೋಗ್ರಾಂ ಅದನ್ನು ಓದುತ್ತದೆಯೇ ಎಂದು ಕೇಳಿಕೊಳ್ಳಿ. ಇಲ್ಲವೇ ರೆಕಾರ್ಡರ್‌ನಲ್ಲೇ ಗಂಟೆಗೊಂದು ಫೈಲಾಗಿ ತಾನಾಗಿ ಒಡೆಯುವ ಆಯ್ಕೆ ಇದ್ದರೆ ಅದನ್ನು ಹಾಕಿಡಿ. ಈಗಿನ ಕೆಲವು ರೆಕಾರ್ಡರ್‌ಗಳು 32 ಬಿಟ್ ಫ್ಲೋಟ್‌ನಲ್ಲಿ ಮುದ್ರಿಸುತ್ತವೆ. ಚೆಂಡೆಯ ಅಬ್ಬರಕ್ಕೂ ಅದು ಒಡೆಯುವುದಿಲ್ಲ. ಆದರೆ ಹಾಗೆ ಮುದ್ರಿಸಿದ್ದನ್ನು ಮಟ್ಟ ತಗ್ಗಿಸದೆ 24 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಮೇಲಕ್ಕೆ ಚಾಚಿದ್ದೆಲ್ಲ ಕತ್ತರಿಸಿಹೋಗುತ್ತದೆ. ಮೊದಲು ಮಟ್ಟ ಇಳಿಸಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ.

ಕನ್ನಡದ ಹೆಸರಿಟ್ಟರೆ

ಫೈಲಿಗೆ ಕನ್ನಡದಲ್ಲೇ ಹೆಸರಿಡುವ ಆಸೆ ಸಹಜ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಯೂನಿಕೋಡ್‌ನಲ್ಲಿ ‘ಜೋ’ ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳ ಸಾಲಾಗಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು, ವಿಂಡೋಸ್ ಕೊಟ್ಟ ಹಾಗೆಯೇ ಇಡುತ್ತದೆ. ಹೀಗಾಗಿ ‘ಜೋಗುಳ’ ಎಂಬ ಫೈಲ್ ಕಣ್ಣೆದುರೇ ಇದ್ದರೂ ಪ್ರಾಜೆಕ್ಟ್ "ಫೈಲ್ ಸಿಗುತ್ತಿಲ್ಲ" ಎನ್ನಬಹುದು. ಕೆಲವು ಹಳೆಯ ಪ್ರೋಗ್ರಾಂಗಳಂತೂ ಕನ್ನಡದ ಹೆಸರನ್ನೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬದಲಿಸುತ್ತವೆ.

ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ವಿಳಾಸದ ಪ್ರಶ್ನೆ. ಕೈಬದಲಾಗುವ ಫೈಲಿಗೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಯಷ್ಟೇ ಇರುವ ಚಿಕ್ಕ ಹೆಸರಿಡಿ. ಕನ್ನಡದ ಪೂರ್ತಿ ವಿವರ ಜೊತೆಗಿರುವ ಚೀಟಿಯಲ್ಲಿರಲಿ. ಆ ಚೀಟಿ ಮತ್ತು ಸ್ಕ್ರಿಪ್ಟ್ ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಂಭಾಷಣೆ ಆ ಫಾಂಟ್ ಇಲ್ಲದ ಸ್ಟುಡಿಯೋದಲ್ಲಿ ಗುರುತು ಸಿಗದ ಚಿಹ್ನೆಗಳ ರಾಶಿಯಾಗುತ್ತದೆ.

ವಾಟ್ಸ್ಆ್ಯಪ್ ಬಗ್ಗೆಯೂ ಒಂದು ಮಾತು. ಅದರ ವಾಯ್ಸ್ ಮೆಸೇಜ್ ಓಪಸ್ ಎಂಬ ರೂಪದಲ್ಲಿ, ಮಾತು ತಿಳಿಯಲು ಬೇಕಾದಷ್ಟೇ ಉಳಿಯುವಂತೆ ಕುಗ್ಗಿ ಬರುತ್ತದೆ. ಅನೇಕ ಎಡಿಟಿಂಗ್ ಪ್ರೋಗ್ರಾಂಗಳು ಅದನ್ನು ನೇರವಾಗಿ ತೆರೆಯುವುದೂ ಇಲ್ಲ. ಊರಿನಲ್ಲಿರುವ ಅಜ್ಜಿಯ ಹಾಡನ್ನು ತರಿಸಿಕೊಳ್ಳಬೇಕೆಂದರೆ ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಮುದ್ರಿಸಿ, ಆ ಫೈಲನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಲು ಮೊಮ್ಮಕ್ಕಳಿಗೆ ಹೇಳಿ. ವಿಡಿಯೋ ಆದರೂ ಅಷ್ಟೇ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ.

ಐದು ಚಾನೆಲ್ ದಾಟಿದ ಮೇಲೆ

ಸರೌಂಡ್ ಧ್ವನಿಯ ಕೆಲಸಕ್ಕೆ ಕೈ ಹಾಕುವವರು ಚಾನೆಲ್‌ಗಳ ಸರದಿಯನ್ನು ಕೇಳಿ ತಿಳಿದುಕೊಳ್ಳಿ. 5.1ರಲ್ಲಿ ಆರು ಚಾನೆಲ್. ಸಿನಿಮಾ ಪದ್ಧತಿಯಲ್ಲಿ ಎಡ, ಮಧ್ಯ, ಬಲ ಎಂದು ಶುರುವಾಗುತ್ತದೆ. ಇನ್ನೊಂದು ಪದ್ಧತಿಯಲ್ಲಿ ಎಡ, ಬಲ, ಮಧ್ಯ. ಮೊದಲನೆಯದನ್ನು ಎರಡನೆಯದೆಂದು ತಿಳಿದು ತೆರೆದರೆ ಮಧ್ಯದಿಂದ ಬರಬೇಕಾದ ಸಂಭಾಷಣೆ ಬಲಗಡೆಯ ಸ್ಪೀಕರಿನಿಂದ ಬರುತ್ತದೆ. ಕೇಳಿದ ತಕ್ಷಣ ‘ಸ್ಪೀಕರ್ ಕೆಟ್ಟಿದೆ’ ಎನಿಸುತ್ತದೆ. ಕೆಟ್ಟಿರುವುದು ಸ್ಪೀಕರ್ ಅಲ್ಲ, ಸರದಿ.

ಕಳಿಸುವ ಮುನ್ನ ಎಂಟು ಮಾತು

1. ಸ್ಟುಡಿಯೋದವರನ್ನು ಮೊದಲೇ ಕೇಳಿ: ಯಾವ ಪ್ರೋಗ್ರಾಂ, ಯಾವ ಸ್ಯಾಂಪಲ್ ರೇಟ್, ಎಷ್ಟು ಬಿಟ್, ಎಷ್ಟು ಫ್ರೇಮ್?

2. ಉತ್ತರ ಸಿಗದಿದ್ದರೆ 48,000 ಸ್ಯಾಂಪಲ್, 24 ಬಿಟ್ ವೇವ್ ಕಳಿಸಿ. ಇದನ್ನು ಬೇಡ ಎನ್ನುವವರು ಅಪರೂಪ.

3. ಎಲ್ಲ ಟ್ರ್ಯಾಕ್‌ಗಳೂ ಸೊನ್ನೆಯಿಂದ ಶುರುವಾಗಲಿ, ಒಂದೇ ಉದ್ದವಿರಲಿ.

4. ಒಬ್ಬರೇ ಮಾತಾಡಿದ ಧ್ವನಿಯನ್ನು ಮೋನೋದಲ್ಲಿ ಕಳಿಸಿ. ಸ್ಟೀರಿಯೋ ಮಾಡಿದರೆ ಗಾತ್ರ ಇಮ್ಮಡಿಯಾಗುತ್ತದೆ, ಗುಣ ಹೆಚ್ಚುವುದಿಲ್ಲ.

5. ಪ್ರಾಜೆಕ್ಟ್ ಫೈಲನ್ನು ಜೊತೆಗೆ ಕಳಿಸಬಹುದು. ಅದನ್ನು ಮಾತ್ರ ಕಳಿಸಬೇಡಿ.

6. ಎಫೆಕ್ಟ್ ಇಲ್ಲದ ಮೂಲ ಪ್ರತಿಯೂ ಇರಲಿ.

7. ಕಳಿಸುವ ಮೊದಲು ಆ ಫೈಲನ್ನು ಮಾಡಿದ ಪ್ರೋಗ್ರಾಂನಲ್ಲಿ ಅಲ್ಲ, ಬೇರೊಂದರಲ್ಲಿ ತೆರೆದು ಕೇಳಿ. ಮೀಡಿಯಾಇನ್ಫೋ ಎಂಬ ಉಚಿತ ಪ್ರೋಗ್ರಾಂ ಫೈಲಿನ ಜಾತಕವನ್ನೆಲ್ಲ ಒಂದೇ ಪುಟದಲ್ಲಿ ತೋರಿಸುತ್ತದೆ.

8. ಒಂದು ಚೀಟಿ ಬರೆಯಿರಿ: ಯಾರ ಧ್ವನಿ, ಎಂದು ಮುದ್ರಿಸಿದ್ದು, ಎಲ್ಲಿ, ಎಷ್ಟು ಫೈಲ್, ಪ್ರತಿಯೊಂದರ ಅವಧಿ ಎಷ್ಟು. ಅವಧಿ ಬರೆದಿದ್ದರೆ ಅತ್ತ ಕುಳಿತವರಿಗೆ ಏನೋ ತಪ್ಪಿದೆ ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ.

ಈ ಎಂಟನ್ನು ಮಾಡಲು ಅರ್ಧ ಗಂಟೆ ಬೇಕಾದೀತು. ಮಾಡದಿದ್ದರೆ ಅಂಧೇರಿಗೆ ಎರಡನೆಯ ಸಲ ಹೋಗಿಬರುವುದಕ್ಕೆ ಒಂದಿಡೀ ದಿನ ಬೇಕು.

ನಾಳೆಗೆ ತೆರೆಯಬೇಕಾದ ಫೈಲ್

ಇದುವರೆಗೆ ಹೇಳಿದ್ದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಫೈಲಿನ ಕಥೆ. ಇವತ್ತಿನಿಂದ ಇಪ್ಪತ್ತು ವರ್ಷದ ಆಚೆಗೆ ಹೋಗುವ ಫೈಲಿಗೂ ಇದೇ ನಿಯಮ. ಆಗ ಈಗಿನ ಪ್ರೋಗ್ರಾಂ ಇರುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ.

ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ಇಂಥ ಹಲವಾರು ಸಂಘಗಳ ವೇದಿಕೆಗಳಲ್ಲಿ, ಕಾಲೋನಿಗಳ ಗಣೇಶೋತ್ಸವಗಳಲ್ಲಿ, ರಾತ್ರಿಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಕೇಳಿಬಂದ ಕನ್ನಡ ಮತ್ತು ತುಳು ದನಿಗಳಲ್ಲಿ ಮುದ್ರಣವಾದದ್ದು ಸ್ವಲ್ಪ. ಅದರಲ್ಲಿ ಎಷ್ಟೋ ಇಂದು ಯಾರದೋ ಮನೆಯ ಅಟ್ಟದ ಕ್ಯಾಸೆಟ್ಟುಗಳಲ್ಲಿ, ಯಾರದೋ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇರಬಹುದು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸಿ ‘ಸೇವ್’ ಮಾಡಿಟ್ಟರೆ ಉಳಿಯಿತು ಎಂದುಕೊಳ್ಳುತ್ತೇವೆ. ಪ್ರಾಜೆಕ್ಟ್ ಫೈಲಾಗಿ ಉಳಿದದ್ದು ಉಳಿದಂತಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ತನ್ನ ಮಾರ್ಗದರ್ಶಿಯಲ್ಲಿ ಹೇಳುವುದೂ ಇದನ್ನೇ: ಕುಗ್ಗಿಸದ ವೇವ್ ಅಥವಾ ಅದರ ಪ್ರಸಾರ ರೂಪ, ಕನಿಷ್ಠ 48,000 ಸ್ಯಾಂಪಲ್, 24 ಬಿಟ್. ಗದ್ದಲ ತೆಗೆದು ಚೆಂದ ಮಾಡಿದ ಪ್ರತಿ ಬೇರೆ ಇರಲಿ. ಟೇಪಿನಿಂದ ಬಂದದ್ದನ್ನು ಬಂದ ಹಾಗೆಯೇ ಇಟ್ಟ ಪ್ರತಿಯೂ ಇರಬೇಕು. ಗದ್ದಲ ತೆಗೆಯುವ ಇನ್ನೂ ಒಳ್ಳೆಯ ಸಾಧನ ನಾಳೆ ಬರಬಹುದು. ಇಂದು ತೆಗೆದುಹಾಕಿದ್ದನ್ನು ಮರಳಿ ತರುವ ಸಾಧನ ಬರುವುದಿಲ್ಲ.

ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಇದೇ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’ ಕೂಡ ಉಳಿದಿಲ್ಲ. ಅವುಗಳನ್ನು ಮಾಡಿದವರಿಗೆ ನಕಲು ತೆಗೆದಿಡುವುದು ಹಣ ಬೇಡುವ, ಕಷ್ಟದ ಕೆಲಸವಾಗಿತ್ತು. ನಮಗೆ ಹಾಗಿಲ್ಲ. ಎಕ್ಸ್‌ಪೋರ್ಟ್ ಗುಂಡಿ ಒತ್ತಿ, ವೇವ್ ಆರಿಸಿ, ಎರಡು ಬೇರೆ ಬೇರೆ ಜಾಗದಲ್ಲಿ ಇಟ್ಟರೆ ಸಾಕು.

ಬರುವ ಭಾನುವಾರ ಬಿಡುವಿದ್ದರೆ ನಿಮ್ಮ ಹಳೆಯ ಲ್ಯಾಪ್‌ಟಾಪನ್ನು ಒಮ್ಮೆ ತೆರೆಯಿರಿ. ಅದರಲ್ಲಿರುವ ಪ್ರಾಜೆಕ್ಟ್‌ಗಳು ತೆರೆಯುವ ಪ್ರೋಗ್ರಾಂ ಇನ್ನೂ ಅದರಲ್ಲೇ ಇರುವಾಗ ಒಂದೊಂದನ್ನೂ ವೇವ್ ಮಾಡಿಬಿಡಿ. ಜೊತೆಗೊಂದು ಚೀಟಿ ಇಡಿ. ಮುಂದೆ ಅದನ್ನು ತೆರೆಯುವವರಿಗೆ ಆ ದನಿ ಯಾರದೆಂದು ಹೇಳಲು ಆಗ ನಾವು ಪಕ್ಕದಲ್ಲಿ ಇರುವುದಿಲ್ಲ.